ದಂಡು ಇಳಿಯುವುದೇ, ಇಲ್ಲವೇ: ಎಂಟನೇ ತಿಂಗಳ ಲೆಕ್ಕ

2025ರ ನವೆಂಬರ್ 16ರಂದು ಈಕ್ವೆಡಾರ್‌ನಲ್ಲಿ ಜನಮತಗಣನೆ ನಡೆಯಿತು. ವಿದೇಶಿ ಸೇನಾ ನೆಲೆಗಳ ಮೇಲಿನ ನಿಷೇಧವನ್ನು ಸಂವಿಧಾನದಿಂದ ತೆಗೆಯಬೇಕೇ ಎಂಬುದು ಅಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಒಂದು. ನನ್ನ ಪುಸ್ತಕದಲ್ಲಿ ಆ ಸಾಲಿನ ಮುಂದೆ 0.65 ಎಂದಿತ್ತು. ಜನ ಒಪ್ಪುವ ಸಾಧ್ಯತೆ ನೂರಕ್ಕೆ 65 ಎಂದು ಅದರ ಅರ್ಥ. ಜನ ಒಪ್ಪಲಿಲ್ಲ. ನೂರಕ್ಕೆ ಸುಮಾರು 60 ಮಂದಿ ಬೇಡ ಎಂದರು. ಎಂಟು ತಿಂಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ತಪ್ಪು ಇದು. ಏಕೆಂದರೆ ಈ ತಪ್ಪನ್ನು ಮತ್ತೆ ಮಾಡಬಾರದೆಂದು ಜೂನ್ ತಿಂಗಳಲ್ಲೇ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದೆ.

ಹೊಸದಾಗಿ ಓದುತ್ತಿರುವವರಿಗಾಗಿ ಒಂದು ಮಾತು. ಶನಿವಾರ ಸಂಜೆ ಹಲಸೂರಿನ ನಮ್ಮ ಮನೆಯಲ್ಲಿ ಮೂವರು ಕೂರುತ್ತೇವೆ: ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡುವ ನಾನು, ನನ್ನ ತಮ್ಮ, ಮತ್ತು ಎಚ್‌ಎಎಲ್‌ನಿಂದ ನಿವೃತ್ತರಾದ ಎದುರು ಮನೆಯ ರಾಯರು. ಒಂದು ದೇಶ ಬೇರೊಂದು ದೇಶದ ಸೈನಿಕರನ್ನು ತನ್ನ ನೆಲದ ಮೇಲೆ ಇರಗೊಡುತ್ತದೆಯೇ ಎಂಬುದನ್ನು ಮೊದಲೇ ಅಂದಾಜು ಮಾಡಬಹುದೇ ಎಂಬುದು ನಮ್ಮ ಪ್ರಶ್ನೆ. ಹಳೆಯ ಪ್ರಕರಣವೊಂದನ್ನು ನನ್ನ ತಮ್ಮ ತೆಗೆದುಕೊಂಡು, ದೇಶದ ಹೆಸರನ್ನೂ ಫಲಿತಾಂಶವನ್ನೂ ಅಳಿಸಿ ಒಂದು ಹಾಳೆಯಲ್ಲಿ ಕೊಡುತ್ತಾನೆ. ರಾಯರೂ ನಾನೂ ಬೇರೆ ಬೇರೆಯಾಗಿ ಸಂಖ್ಯೆ ಬರೆಯುತ್ತೇವೆ. ಈಕ್ವೆಡಾರ್‌ನಂಥ, ಇನ್ನೂ ಫಲಿತಾಂಶ ಬಾರದ ಪ್ರಕರಣಗಳಿಗಾದರೆ ಹೆಸರು ತಿಳಿದೇ ಮೂವರೂ ಬರೆಯುತ್ತೇವೆ. ಆಮೇಲೆ ಬ್ರಯರ್ ಅಂಕ ಹಾಕುತ್ತೇವೆ. ಒಪ್ಪಿಗೆಗೆ 1, ನಿರಾಕರಣೆಗೆ 0. ನಾವು ಹೇಳಿದ ಸಂಖ್ಯೆಗೂ ಅದಕ್ಕೂ ಇರುವ ವ್ಯತ್ಯಾಸದ ವರ್ಗವೇ ಅಂಕ. ಕಡಿಮೆಯಾದಷ್ಟೂ ಒಳ್ಳೆಯದು. ಏನೂ ತಿಳಿಯದೆ ಎಲ್ಲದಕ್ಕೂ 0.5 ಬರೆದರೂ 0.25 ಬರುತ್ತದೆ. ಅದಕ್ಕಿಂತ ಹೆಚ್ಚು ಬಂದರೆ, ತಿಳಿದಿದೆ ಎಂಬ ಭ್ರಮೆಯೇ ನಮ್ಮನ್ನು ಕೆಡಿಸಿದೆ ಎಂದರ್ಥ. ಈಕ್ವೆಡಾರ್‌ಗೆ ನನಗೆ ಬಂದದ್ದು 0.4225.

ಜೂನ್‌ನಲ್ಲಿ ಬಂದ ಹಾಳೆಯ ವಿಷಯ ಹೇಳುತ್ತೇನೆ, ಎಲ್ಲದರ ಬೇರು ಅಲ್ಲಿದೆ. ಹಾಳೆಯಲ್ಲಿ ಇದ್ದದ್ದು ಇಷ್ಟು: ದೊಡ್ಡ ಮಿತ್ರರಾಷ್ಟ್ರವೊಂದು ಪಕ್ಕದ ದೇಶದ ಮೇಲೆ ಯುದ್ಧಕ್ಕೆ ಹೊರಟಿದೆ, 62,000 ಸೈನಿಕರಿಗೆ ದಾರಿ ಕೇಳುತ್ತಿದೆ, ಶತಕೋಟಿಗಟ್ಟಲೆ ಡಾಲರ್ ನೆರವು ಕೊಡುವೆನೆಂದಿದೆ. ಎರಡೂ ದೇಶಗಳು ಒಂದೇ ಸೇನಾ ಕೂಟದಲ್ಲಿವೆ. ಸಂಸತ್ತಿನಲ್ಲಿ ಆಡಳಿತ ಪಕ್ಷಕ್ಕೆ ಹತ್ತಿರ ಹತ್ತಿರ ಮೂರನೇ ಎರಡರಷ್ಟು ಸ್ಥಾನಗಳಿವೆ. ಸೈನಿಕರ ಸಾಮಾನು ಹೊತ್ತ ಹಡಗುಗಳು ಕರಾವಳಿಯಾಚೆ ಕಾಯುತ್ತಿವೆ. ಜನರಿಗೆ ಮಾತ್ರ ಈ ಯುದ್ಧ ಬೇಡವಾಗಿದೆ. ನಾನು 0.85 ಬರೆದೆ.

ಅದು 2003ರ ಟರ್ಕಿ; ದಾರಿ ಕೇಳಿದ್ದು ಅಮೆರಿಕ, ಯುದ್ಧ ಇರಾಕ್ ಮೇಲೆ. ಮಾರ್ಚ್ 1ರಂದು ಮತ ಹಾಕಿದಾಗ ಪರ 264, ವಿರುದ್ಧ 250, ತಟಸ್ಥ 19. ಪರ ಮತಗಳೇ ಹೆಚ್ಚು, ಆದರೂ ನಿರ್ಣಯ ಬಿದ್ದುಹೋಯಿತು. ಹಾಜರಿದ್ದವರು 533 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 267 ಮತ ಬೇಕಿತ್ತು. ಮೂರು ಕಡಿಮೆಯಾಯಿತು. ಹಡಗುಗಳು ಕೊನೆಗೆ ಕುವೈತ್‌ನತ್ತ ತಿರುಗಿದವು. ಆ ಸಂಜೆ ನಾನು ಆ ಮೂರು ಅಂಕಿಗಳನ್ನು ಎಷ್ಟು ಸಲ ಕೂಡಿದೆನೋ. ಸುಮ್ಮನೆ ಕುಳಿತಿದ್ದ ಹತ್ತೊಂಬತ್ತು ಜನ ಒಂದು ಯುದ್ಧದ ಉತ್ತರ ದಿಕ್ಕಿನ ದಾರಿಯನ್ನೇ ಮುಚ್ಚಿದ್ದರು.

ನನಗೆ ಇದು ಹೊಳೆಯಬೇಕಿತ್ತು. ದಿನ ಬೆಳಗಾದರೆ ಬ್ಯಾಂಕಿನಲ್ಲಿ ನೋಡುವುದು ಇದನ್ನೇ. ಶಾಖೆಯ ಮ್ಯಾನೇಜರ್ ತಲೆಯಾಡಿಸಿದ ಮಾತ್ರಕ್ಕೆ ಸಾಲ ಮಂಜೂರಾಗುವುದಿಲ್ಲ. ಕಡತ ಕೊನೆಗೆ ಯಾರ ಮೇಜಿಗೆ ಹೋಗುತ್ತದೆ, ಅವರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ನೋಡಬೇಕು. ಪುಸ್ತಕದಲ್ಲಿ ಹೊಸ ಅಂಕಣ ಎಳೆದು ಕೆಂಪು ಶಾಯಿಯಲ್ಲಿ 'ಕೊನೆಯ ಸಹಿ ಯಾರದು' ಎಂದು ಬರೆದೆ.

ಆ ಅಂಕಣ ಬಂದ ಮೇಲೆ ಹಳೆಯ ಸಾಲುಗಳು ಬೇರೆಯೇ ರೀತಿ ಕಂಡವು. 1991ರ ಸೆಪ್ಟೆಂಬರ್ 16ರಂದು ಫಿಲಿಪ್ಪೀನ್ಸ್‌ನ ಸೆನೆಟ್ ಅಮೆರಿಕದ ನೆಲೆಗಳ ಹೊಸ ಒಪ್ಪಂದವನ್ನು 12-11ರಿಂದ ತಳ್ಳಿಹಾಕಿತು. ಅಧ್ಯಕ್ಷೆ ಕೊರಾಜನ್ ಅಕಿನೊ ಒಪ್ಪಂದದ ಪರವಾಗಿದ್ದರು, ಬೀದಿಗಿಳಿದು ಮೆರವಣಿಗೆಯನ್ನೂ ನಡೆಸಿದ್ದರು. ಆದರೆ 1987ರ ಸಂವಿಧಾನದ ಪ್ರಕಾರ ಕೊನೆಯ ಸಹಿ ಸೆನೆಟ್‌ನದು, ಅದೂ ಮೂರನೇ ಎರಡರಷ್ಟು. ಮರುವರ್ಷ ನವೆಂಬರ್‌ನಲ್ಲಿ ಅಲ್ಲಿನ ಅಮೆರಿಕದ ನೌಕಾನೆಲೆ ಸುಬಿಕ್ ಬೇ ಖಾಲಿಯಾಯಿತು. ಇರಾಕ್‌ನದು ತದ್ವಿರುದ್ಧ. 2020ರ ಜನವರಿ 5ರಂದು ಸಂಸತ್ತು ವಿದೇಶಿ ಪಡೆಗಳನ್ನು ಹೊರಹಾಕಬೇಕೆಂದು ನಿರ್ಣಯ ಮಾಡಿತು. ಅದು ಸರ್ಕಾರವನ್ನು ಕಟ್ಟಿಹಾಕುವ ನಿರ್ಣಯವಾಗಿರಲಿಲ್ಲ, ಪಡೆಗಳು ಉಳಿದವು. ಸಂಸತ್ತು ಎಂಬ ಹೆಸರನ್ನು ನೋಡಿ ಹೆದರಬಾರದು, ಅದರ ಕೈಯಲ್ಲಿ ಲೇಖನಿ ಇದೆಯೇ ಎಂದು ನೋಡಬೇಕು.

ಇಷ್ಟೆಲ್ಲ ತಿಳಿದೂ ಈಕ್ವೆಡಾರ್‌ನಲ್ಲಿ ಎಡವಿದೆ. ಅಧ್ಯಕ್ಷ ನೊಬೊವಾ ಏಪ್ರಿಲ್‌ನಲ್ಲಷ್ಟೇ ಚುನಾವಣೆ ಗೆದ್ದಿದ್ದರು. ಮಾದಕವಸ್ತು ಗುಂಪುಗಳ ಹಿಂಸೆಯ ಸುದ್ದಿ ದಿನವೂ ಬರುತ್ತಿತ್ತು. ಹೆದರಿದ ಜನ ಹೊರಗಿನ ಸಹಾಯ ಬೇಡವೆನ್ನಲಾರರು ಎಂದುಕೊಂಡೆ. 'ಕೊನೆಯ ಸಹಿ' ಅಂಕಣದಲ್ಲಿ 'ಜನ' ಎಂದು ನಾನೇ ಬರೆದಿದ್ದೇನೆ, ಆದರೆ ಸಂಖ್ಯೆಯನ್ನು ಅಧ್ಯಕ್ಷರ ಮುಖ ನೋಡಿ ಹಾಕಿದ್ದೇನೆ. ಅಲ್ಲಿನ ಮಾಂಟಾದಲ್ಲಿದ್ದ ಅಮೆರಿಕದ ನೆಲೆಯ ಅನುಭವ ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿರುವುದನ್ನು ನಾನು ತೂಗಲೇ ಇಲ್ಲ: 1999ರಲ್ಲಿ ಹತ್ತು ವರ್ಷಕ್ಕೆಂದು ಕೊಟ್ಟದ್ದು, 2008ರ ಸಂವಿಧಾನ ಇಂಥ ನೆಲೆಗಳನ್ನೇ ನಿಷೇಧಿಸಿದ್ದು, 2009ರಲ್ಲಿ ಅಮೆರಿಕನ್ನರು ಹೊರಟದ್ದು. ರಾಯರು 0.45 ಬರೆದಿದ್ದರು. "ಮನೆಗೆ ಕಳ್ಳ ಬಂದನೆಂದು ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟುಬಿಡುತ್ತಾರೆಯೇ ಅಮ್ಮ?" ಎಂದು ಅವತ್ತೇ ಕೇಳಿದ್ದರು.

ಬಗ್ರಾಂ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಅಫ್ಘಾನಿಸ್ತಾನದ ಆ ವಾಯುನೆಲೆಯನ್ನು ಮರಳಿ ಕೇಳಿದಾಗ ಮೂವರೂ 0.02ಕ್ಕಿಂತ ಹೆಚ್ಚು ಬರೆಯಲಿಲ್ಲ. ತಾಲಿಬಾನ್ ಕೂಡಲೇ ನಿರಾಕರಿಸಿತು. ಇಂಥ ಸಾಲುಗಳಿಂದ ಅಂಕ ಚೆನ್ನಾಗಿ ಕಾಣುತ್ತದೆ, ಕಲಿಯುವುದು ಏನೂ ಇಲ್ಲ.

ಈ ತಿಂಗಳ ನಿಜವಾದ ಗಳಿಕೆ ಬೇರೆಡೆ ಇದೆ. ಮೂರು ಹಾಳೆಗಳನ್ನು ನನ್ನ ತಮ್ಮ ಒಟ್ಟಿಗೆ ಮೇಜಿನ ಮೇಲಿಟ್ಟು, "ಅಕ್ಕ, ಮೂರರಲ್ಲೂ 180 ದಿನಗಳ ನೋಟಿಸು. ಯಾರು ಹೋದರು ಹೇಳು" ಎಂದ. 2005ರ ಉಜ್ಬೇಕಿಸ್ತಾನ, 2009ರ ಕಿರ್ಗಿಸ್ತಾನ, 2020ರ ಫಿಲಿಪ್ಪೀನ್ಸ್. ನೋಟಿಸು ಕೊಟ್ಟ ಮೇಲೆ ಅಮೆರಿಕದ ಪಡೆಗಳು ಹೊರಟದ್ದು ಉಜ್ಬೇಕಿಸ್ತಾನದಿಂದ ಮಾತ್ರ, ಅದೂ ಗಡುವಿಗೆ ಮೊದಲೇ, ಆ ವರ್ಷದ ನವೆಂಬರ್‌ನಲ್ಲಿ. ಕಿರ್ಗಿಸ್ತಾನ ತನ್ನ ಮನಾಸ್ ನೆಲೆಯ ವರ್ಷದ ಬಾಡಿಗೆಯನ್ನು 1.74 ಕೋಟಿ ಡಾಲರ್‌ನಿಂದ 6 ಕೋಟಿಗೆ ಏರಿಸಿಕೊಂಡಿತು. 'ವಾಯುನೆಲೆ' ಎಂಬ ಹೆಸರು ಹೋಗಿ 'ಸಾಗಣೆ ಕೇಂದ್ರ' ಎಂದಾಯಿತು. ಸೈನಿಕರು 2014ರವರೆಗೆ ಅಲ್ಲೇ ಇದ್ದರು. ಫಿಲಿಪ್ಪೀನ್ಸ್‌ನ ಅಂದಿನ ಅಧ್ಯಕ್ಷ ಡುಟೆರ್ಟೆ ತಮ್ಮ ನೋಟಿಸನ್ನು ಮೊದಲು ಮುಂದೂಡಿ, 2021ರ ಜುಲೈನಲ್ಲಿ ಹಿಂತೆಗೆದುಕೊಂಡರು. 2023ರಲ್ಲಿ, ಅವರ ನಂತರ ಬಂದ ಸರ್ಕಾರ ಅಮೆರಿಕನ್ನರಿಗೆ ಇನ್ನೂ ನಾಲ್ಕು ತಾಣಗಳನ್ನು ತೆರೆದು ಒಟ್ಟು ಒಂಬತ್ತು ಮಾಡಿತು.

ವ್ಯತ್ಯಾಸ ಎಲ್ಲಿದೆ? ನೋಟಿಸಿನ ಹಿಂದೆ ಬಾಡಿಗೆಯ ಆಸೆ ಇದ್ದರೆ ಅದು ಚೌಕಾಸಿಯ ಮೊದಲ ಮಾತು. ಕುರ್ಚಿಯ ಭಯ ಇದ್ದರೆ ಅದು ವಿದಾಯ. ಉಜ್ಬೇಕಿಸ್ತಾನದ ಆಂದಿಜಾನ್‌ನಲ್ಲಿ ಸರ್ಕಾರದ ಪಡೆಗಳು ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದ್ದಕ್ಕೆ ಅಮೆರಿಕ ವಿಚಾರಣೆ ಕೇಳಿದಾಗ ಅಧ್ಯಕ್ಷ ಕರಿಮೋವ್‌ಗೆ ಆ ಸೈನಿಕರು ತನ್ನ ಆಳ್ವಿಕೆಗೇ ಕುತ್ತು ಎನ್ನಿಸಿತು. ನೈಜರ್‌ನಲ್ಲೂ ಇದೇ ಎಳೆ ಕಾಣುತ್ತದೆ. 2023ರ ಜುಲೈನಲ್ಲಿ ದಂಗೆ ಎದ್ದು ಅಧಿಕಾರ ಹಿಡಿದವರು ಮರುವರ್ಷ ಮಾರ್ಚ್‌ನಲ್ಲಿ ಒಪ್ಪಂದ ರದ್ದು ಮಾಡಿದರು, ಸುಮಾರು 11 ಕೋಟಿ ಡಾಲರ್ ಸುರಿದು ಕಟ್ಟಿದ ಅಗಾದೆಜ್ ನೆಲೆಯನ್ನು ಅಮೆರಿಕ ಬಿಟ್ಟು ಹೋಯಿತು. ಹಾಕಿದ ಹಣವನ್ನು ನೋಡಿ 'ಉಳಿಯುತ್ತಾರೆ' ಎನ್ನುವ ನನ್ನ ಹಳೆಯ ಲೆಕ್ಕವನ್ನು ಹೊಡೆದುಹಾಕಿದ್ದೇನೆ.

ಒಂದು ಸಾಲನ್ನು ಪುಸ್ತಕದಿಂದಲೇ ತೆಗೆದೆ, ಬೇಸರದಿಂದ. ಅದು ನಮ್ಮೂರಿನದು. ಹಲಸೂರಿನಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಾನು ನಡೆಯುವ ದಾರಿ ಪೂರ್ತಿ ದಂಡು ಪ್ರದೇಶ. 1799ರ ಒಪ್ಪಂದದಲ್ಲಿ ಮೈಸೂರು ಸಂಸ್ಥಾನ ಕಂಪನಿಯ ಸೈನ್ಯವನ್ನು ಇಟ್ಟುಕೊಳ್ಳಲು ಒಪ್ಪಿ, ಅದರ ಖರ್ಚಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಾಯಿತು. 1809ರಲ್ಲಿ ಆ ಸೈನ್ಯ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗಲೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡು, 1947ರಲ್ಲಿ ಬಿಟ್ಟುಕೊಟ್ಟರು. ಮೊದಲು ಇದಕ್ಕೆ 'ಒಪ್ಪಿಗೆ: 1' ಎಂದು ಬರೆದಿದ್ದೆ. ಆದರೆ ಒಪ್ಪಂದವಾದಾಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಐದು ವರ್ಷ. ಬೇಡವೆನ್ನಲು ಬಾರದವರ ಹೆಸರಿನಲ್ಲಿ ಪಡೆದದ್ದನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯಲು ನನಗೆ ಮನಸ್ಸಾಗಲಿಲ್ಲ.

ಬಾಕಿ ಉಳಿದಿರುವುದು ರಾಯರು ಎತ್ತಿದ ತಕರಾರು. ಮಾಲ್ಡೀವ್ಸ್‌ನ ಸಾಲಿಗೆ ನಾವು 'ನಿರಾಕರಣೆ: 0' ಎಂದಿದ್ದೆವು. ಅಲ್ಲಿನ ಅಧ್ಯಕ್ಷ ಮುಯಿಜು ತಮ್ಮ ಜನರಿಗೆ ಮಾತು ಕೊಟ್ಟಂತೆ 2024ರ ಮೇ 10ರೊಳಗೆ ಅಲ್ಲಿದ್ದ ಸುಮಾರು 80 ಭಾರತೀಯ ಸೈನಿಕರು ಹೊರಟಿದ್ದರು. ಎರಡು ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ ಮಾತ್ರ ಅಲ್ಲೇ ಉಳಿದವು; ಅವನ್ನು ನೋಡಿಕೊಳ್ಳಲು ಎಚ್‌ಎಎಲ್‌ನ ನಾಗರಿಕ ಸಿಬ್ಬಂದಿ ಹೋದರು. ಆ ಧ್ರುವ ಹೆಲಿಕಾಪ್ಟರ್‌ಗಳನ್ನು ಕಟ್ಟುವುದು ಇದೇ ಬೆಂಗಳೂರಿನಲ್ಲಿ. ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ನೋಡಮ್ಮ, ಅದೇ ಯಂತ್ರ, ಅದೇ ಹಗ್ಗ ಇಳಿಬಿಟ್ಟು ರೋಗಿಯನ್ನು ಎತ್ತುವ ಕೆಲಸ. ಬದಲಾದದ್ದು ಅಂಗಿ. ಇದಕ್ಕೆ ಸೊನ್ನೆ ಹಾಕಿದರೆ ಹೇಗೆ?"

ನನ್ನ ಬಳಿ ಉತ್ತರ ಇರಲಿಲ್ಲ. ಮನಾಸ್‌ನ 'ಸಾಗಣೆ ಕೇಂದ್ರ'ವೂ ಇದೇ ಪ್ರಶ್ನೆ. ಹಾಗಾಗಿ ನನ್ನ ತಮ್ಮ 'ಯಾವ ಹೆಸರಿನಲ್ಲಿ' ಎಂಬ ಅಂಕಣವನ್ನು ಸೇರಿಸಿದ್ದಾನೆ: ನೆಲೆ, ತಾಣ, ತರಬೇತಿ, ಸಾಗಣೆ, ನಾಗರಿಕ ಸಿಬ್ಬಂದಿ. ಹಳೆಯ ಸಾಲುಗಳನ್ನೆಲ್ಲ ಮತ್ತೆ ತುಂಬಬೇಕು. ಟರ್ಕಿಯದನ್ನು ನಿನ್ನೆ ರಾತ್ರಿ ತುಂಬಿದೆ. ಮಾಲ್ಡೀವ್ಸ್‌ನ ಸಾಲನ್ನು ಯಾರೂ ಮುಟ್ಟಬಾರದು, ಶನಿವಾರ ತಾವೇ ಬರೆಯುತ್ತೇವೆ ಎಂದು ರಾಯರು ಹೇಳಿ ಹೋಗಿದ್ದಾರೆ.