ತಾರಸಿಯಲ್ಲಿ ಶಂಕರಪುರ ಮಲ್ಲಿಗೆ: ಎಲೆ ಬರುತ್ತೆ, ಮೊಗ್ಗು ಯಾಕೆ ಬರಲ್ಲ?

ಉಡುಪಿ ಕಡೆಯಿಂದ ತಂದ ಮಲ್ಲಿಗೆ ಗಿಡ ಬೆಂಗಳೂರಿನಲ್ಲಿ ಸಾಯುವುದು ಕಡಿಮೆ. ಹೂ ಕೊಡದೆ ಹಸಿರಾಗಿ ಬೆಳೆಯುತ್ತಲೇ ಇರುವುದು ಹೆಚ್ಚು. ನೋಡಿದವರೆಲ್ಲ ಗೊಬ್ಬರ ಸಾಲದು ಅನ್ನುತ್ತಾರೆ. ಬಹುಪಾಲು ಕುಂಡಗಳಲ್ಲಿ ಕೊರತೆ ಗೊಬ್ಬರದ್ದಲ್ಲ, ಕತ್ತರಿಯದ್ದು. ಅದರ ನಂತರದ ಕಾರಣ ಬೋರ್‌ವೆಲ್ ನೀರು.

ಉಡುಪಿ ಮಲ್ಲಿಗೆ ಎಂದು ಜಿಐ (ಭೌಗೋಳಿಕ ಗುರುತು) ಟ್ಯಾಗ್ ಪಡೆದಿರುವುದು ಕಾಪು ಬಳಿಯ ಶಂಕರಪುರ ಸುತ್ತಮುತ್ತ ಬೆಳೆಯುವ ಈ ಹೂವೇ. ಅಲ್ಲಿ ಇದನ್ನು ಮೊಳದಲ್ಲಿ ಅಳೆಯುವುದಿಲ್ಲ. 800 ಮೊಗ್ಗು ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಸಸ್ಯಶಾಸ್ತ್ರದಲ್ಲಿ ಇದು ಜಾಸ್ಮಿನಮ್ ಸಂಬಾಕ್. ಏಳುಸುತ್ತಿನ ಮಲ್ಲಿಗೆಯೂ ಅದೇ ಜಾತಿ. ಆದ್ದರಿಂದ ನರ್ಸರಿಯಲ್ಲಿ ಬರೀ ಎಲೆ ನೋಡಿ, ಚೀಟಿ ನಂಬಿ ಕೊಳ್ಳಬೇಡಿ. ಹೂ ಬಿಟ್ಟ ಗಿಡವನ್ನೇ ನೋಡಿ ತನ್ನಿ, ಇಲ್ಲವೇ ಬೆಳೆದವರ ಮನೆಯಿಂದ ಕಡ್ಡಿ ತನ್ನಿ.

ಕಡ್ಡಿ ನೆಡಲು ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ತೀರಾ ಎಳೆಯದೂ ಅಲ್ಲದ, ಪೂರ್ತಿ ಕಟ್ಟಿಗೆಯೂ ಆಗದ ಟೊಂಗೆಯಲ್ಲಿ ಮೂರು ಗಿಣ್ಣು ಬರುವಂತೆ ಒಂದು ಗೇಣು ತುಂಡು ಮಾಡಿ. ಕೆಳಗಿನ ಎಲೆ ತೆಗೆದು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿ ನೆರಳಲ್ಲಿಡಿ. ಚಿಗುರು ಕಂಡ ತಕ್ಷಣ ಬೇರು ಬಂತೆಂದು ಕೀಳಬಾರದು. ಕಡ್ಡಿಯಲ್ಲಿ ಉಳಿದ ಶಕ್ತಿಯಿಂದಲೇ ಮೊದಲ ಚಿಗುರು ಬರುತ್ತದೆ. ಆರೇಳು ವಾರ ಬಿಡಿ.

ಕುಂಡ 16ರಿಂದ 18 ಇಂಚಿನದಿರಲಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಸಗಣಿ ಗೊಬ್ಬರ, ಒಂದು ಪಾಲು ಮರಳು, ಮೇಲೆ ನೂರು ಗ್ರಾಂ ಬೇವಿನ ಹಿಂಡಿ. ಕೋಕೋಪೀಟ್ ಜಾಸ್ತಿ ಹಾಕಿದರೆ ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಯುತ್ತದೆ. ಕರಾವಳಿಯಲ್ಲಿ ಎಷ್ಟು ಮಳೆ ಸುರಿದರೂ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣಿನಲ್ಲಿ ನೀರು ಇಳಿದುಹೋಗುತ್ತದೆ. ಕುಂಡಕ್ಕೆ ಆ ಸೌಕರ್ಯ ನಾವೇ ಮಾಡಿಕೊಡಬೇಕು. ಬಿಸಿಲು ದಿನಕ್ಕೆ ಆರು ಗಂಟೆ ಬೇಕೇ ಬೇಕು. ಪಕ್ಕದ ಅಪಾರ್ಟ್‌ಮೆಂಟ್ ನೆರಳು ಬೀಳುವ ಮೂಲೆಯಲ್ಲಿ ಏನು ಮಾಡಿದರೂ ಬರೀ ಸೊಪ್ಪು.

ಇನ್ನು ಕತ್ತರಿ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಟೊಂಗೆ ಉದ್ದವಾಗುತ್ತಾ ಹೋದರೆ ಗಿಡ ಬಳ್ಳಿಯಂತೆ ಹಬ್ಬುತ್ತದೆ, ಹೂವಿಲ್ಲ. ನವೆಂಬರ್ ಕೊನೆಗೆ ಒಂದು ವಾರ ನೀರು ಕಡಿಮೆ ಮಾಡಿ. ನಂತರ ಮಣ್ಣಿನಿಂದ ಒಂದೂವರೆ ಅಡಿ ಉಳಿಸಿ ಮೇಲಿನದ್ದೆಲ್ಲ ಕತ್ತರಿಸಿ. ಒಣಗಿದ, ಒಳಗೊಳಗೇ ತಿಕ್ಕಾಡುವ ಕಡ್ಡಿಗಳನ್ನು ಬುಡಕ್ಕೇ ತೆಗೆಯಿರಿ, ಉಳಿದ ಎಲೆಗಳನ್ನೂ ಕಿತ್ತುಬಿಡಿ. ಬೋಳುಗಿಡ ನೋಡಿ ಸಂಕಟವಾಗುತ್ತದೆ, ನಿಜ. ಆದರೆ ತುದಿ ಚಿವುಟಿ ಬಿಟ್ಟ ಗಿಡ ನಾಲ್ಕು ಹೂ ಕೊಡುತ್ತದೆ, ಬೋಳಿಸಿದ್ದು ಗೊಂಚಲು ಕೊಡುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಗೆ ಚಿಗುರು ನಿಧಾನ; ಗಾಬರಿಯಾಗಿ ಯೂರಿಯಾ ಸುರಿಯಬೇಡಿ. ಸಾರಜನಕ ಹೆಚ್ಚಾದಷ್ಟೂ ಎಲೆಯೇ ಹೆಚ್ಚುತ್ತದೆ. ಒಂದು ಹಿಡಿ ಕಡಲೆಕಾಯಿ ಹಿಂಡಿ ಎರಡು ದಿನ ನೆನೆಸಿ, ಹತ್ತುಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಬೇಸಿಗೆಯಲ್ಲಿ ಒಂದು ಸುತ್ತು ಹೂ ಮುಗಿದಾಗ ಗೊಂಚಲಿನ ಕೆಳಗೆ ಎರಡು ಜೋಡಿ ಎಲೆ ಸೇರಿಸಿ ಕತ್ತರಿಸಿ, ಮುಂದಿನ ಸುತ್ತಿಗೆ ಅಲ್ಲಿಂದಲೇ ಕವಲೊಡೆಯುತ್ತದೆ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕಿ ಹಾಕಿ ಕುಂಡದ ಮಣ್ಣು ಕ್ಷಾರೀಯವಾಗುತ್ತದೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಅದಕ್ಕೇ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಬುಡಕ್ಕೆ ಹಾಕಿ ಪ್ರಯೋಜನ ಕಡಿಮೆ, ಎಲೆಗೇ ಸಿಂಪಡಿಸಬೇಕು. ಗ್ರಂಥಿಗೆ ಅಂಗಡಿಯಲ್ಲಿ ಅನ್ನಭೇದಿ ಸಿಗುತ್ತದೆ. ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಒಂದು ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಸಂಜೆ ಸಿಂಪಡಿಸಿ. ಅಂದೇ ಮುಗಿಸಿ, ಇಟ್ಟರೆ ತುಕ್ಕು ಬಣ್ಣಕ್ಕೆ ತಿರುಗಿ ಕೆಡುತ್ತದೆ. ಟೈಲ್ಸ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ, ಕುಂಡ ಸರಿಸಿಕೊಳ್ಳಿ. ಕಾಯಂ ಪರಿಹಾರವೆಂದರೆ ಮಳೆನೀರು. ಎರಡು ಡ್ರಮ್ ತುಂಬಿಟ್ಟುಕೊಂಡರೂ ವಾರಕ್ಕೊಮ್ಮೆಯಾದರೂ ಗಿಡಕ್ಕೆ ಒಳ್ಳೆಯ ನೀರು ಸಿಗುತ್ತದೆ.

ಮೊಗ್ಗು ನೇರಳೆಗೆ ತಿರುಗಿ ಬಾಡಿದರೆ ಬಿಡಿಸಿ ನೋಡಿ. ಬದಿಯಲ್ಲಿ ತೂತಿದ್ದು, ಮೊಗ್ಗುಗಳು ನೂಲಿನಿಂದ ಅಂಟಿಕೊಂಡಿದ್ದರೆ ಮೊಗ್ಗು ಕೊರಕ ಹುಳು. ತೂತಿಲ್ಲದೆ ಬುಡ ಊದಿಕೊಂಡಿದ್ದು, ಒಳಗೆ ಸಣ್ಣ ಮರಿಹುಳುಗಳಿದ್ದರೆ ಮೊಗ್ಗಿನ ನೊಣ. ಎರಡಕ್ಕೂ ಲೀಟರಿಗೆ ಐದು ಎಂಎಲ್ ಬೇವಿನ ಎಣ್ಣೆಯನ್ನು ಸೋಪು ನೀರಿನಲ್ಲಿ ಕದಡಿ ವಾರಕ್ಕೊಮ್ಮೆ ಹೊಡೆಯಬಹುದು. ಆದರೆ ಈ ನೊಣದ ಹುಳು ಕೋಶವಾಗುವುದು ಮಣ್ಣಿನಲ್ಲಿ. ಮೇಲ್ಮಣ್ಣು ಕೆದಕಿ ಬೇವಿನ ಹಿಂಡಿ ಬೆರೆಸದಿದ್ದರೆ ಮತ್ತೆ ಮತ್ತೆ ಬರುತ್ತದೆ. ಮಾರ್ಚ್‌ನಿಂದ ಎಲೆಯಡಿ ಕೆಂಪು ನುಸಿ ಕಂಡರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ. ಬಿಸಿಲೇರಿದ ಮೇಲೆ ಹೊಡೆದರೂ, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಹೊಡೆದರೂ ಎಲೆ ಸುಡುತ್ತದೆ.

ಕೊಯ್ಯುವುದು ಬೆಳಗಿನ ಜಾವ, ಬಿಸಿಲು ಬೀಳುವ ಮುಂಚೆ. ಪೂರ್ತಿ ಬೆಳೆದು ಬೆಳ್ಳಗಾದ, ಇನ್ನೂ ಬಿರಿಯದ ಮೊಗ್ಗು ಮಾತ್ರ. ಹಸಿರು ಛಾಯೆಯಿದ್ದರೆ ಒಂದು ದಿನ ಬಿಡಿ. ಹುಳು ಬಿದ್ದ ಮೊಗ್ಗುಗಳನ್ನೂ ಆಗಲೇ ಕಿತ್ತು ಬಿಸಿನೀರಿಗೆ ಹಾಕಿ, ಬುಡಕ್ಕೆ ಉದುರಿಸಬೇಡಿ. ಕಟ್ಟಿದ ಹೂವನ್ನು ಬಾಳೆಎಲೆಯಲ್ಲಿ ಸುತ್ತಿಟ್ಟರೆ ಸಂಜೆಗೆ ಬಿರಿಯುವಾಗ ತೇವ ಉಳಿದಿರುತ್ತದೆ.