ಓಬರ್‌ವೋಲ್ಫಾಖ್‌ಗೆ ಹೊರಟ ಗಣಿತಜ್ಞರಿಗೆ

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ನಡುವೆ 1944ರಲ್ಲಿ ಶುರುವಾದ ಓಬರ್‌ವೋಲ್ಫಾಖ್ ಗಣಿತ ಸಂಶೋಧನಾ ಸಂಸ್ಥೆಯಲ್ಲಿ ವರ್ಷದ ಬಹುತೇಕ ವಾರ ಒಂದಲ್ಲ ಒಂದು ಕಾರ್ಯಾಗಾರ ಇದ್ದೇ ಇರುತ್ತದೆ. ಕಾರ್ಯಾಗಾರಕ್ಕೆ ಆಮಂತ್ರಣ ಬಂದರಷ್ಟೇ ಪ್ರವೇಶ. ಆದರೆ ಪಿಎಚ್‌ಡಿ ವಿದ್ಯಾರ್ಥಿಗಳು, ಪಿಎಚ್‌ಡಿ ಮುಗಿಸಿದ ಹೊಸ ಸಂಶೋಧಕರು ಅಲ್ಲಿಯ 'ಓಬರ್‌ವೋಲ್ಫಾಖ್ ಸೆಮಿನಾರ್'ಗಳಿಗೆ ತಾವೇ ಅರ್ಜಿ ಹಾಕಬಹುದು.

ಊಟ, ವಸತಿ ಸಂಸ್ಥೆಯದೇ. ಪ್ರಯಾಣದ ಖರ್ಚನ್ನು ಸಾಮಾನ್ಯವಾಗಿ ನಾವೇ ಹೊಂದಿಸಿಕೊಳ್ಳಬೇಕು. ವೀಸಾ ಅರ್ಜಿ ತೊಡಕಾಗುವುದೂ ಇಲ್ಲೇ: ವಿಮಾನದ ದುಡ್ಡು ಯಾರು ಕೊಡುತ್ತಾರೆ ಎಂಬುದಕ್ಕೆ ಆಮಂತ್ರಣ ಪತ್ರದಲ್ಲಿ ಉತ್ತರ ಇರುವುದಿಲ್ಲ. ನಿಮ್ಮ ಸಂಸ್ಥೆಯ ರಜೆ ಮಂಜೂರಾತಿ ಪತ್ರ, ಅನುದಾನದ ಆದೇಶ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟನ್ನು ಜೊತೆಗಿಡಿ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಜರ್ಮನಿಗೆ ಬೇಕಾದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದ) ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಸಾಕು, ಕೆಲವೊಮ್ಮೆ 45ರವರೆಗೂ ಎಳೆಯುತ್ತದೆ. ಅನುದಾನದ ಆದೇಶ ಬರಲೆಂದು ಕಾಯುತ್ತ ವೀಸಾ ಅರ್ಜಿ ತಡಮಾಡಬೇಡಿ.

ಕಾರ್ಯಾಗಾರದವರೆಲ್ಲ ಭಾನುವಾರ ಸೇರಿ ಶನಿವಾರ ಬೆಳಿಗ್ಗೆ ಚದುರುತ್ತಾರೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವ ನೇರ ವಿಮಾನ ಹೊರಡುವುದು ನಡುರಾತ್ರಿ ಕಳೆದ ಮೇಲೆ. ಅಂದರೆ ಟಿಕೆಟ್‌ನಲ್ಲಿ ಭಾನುವಾರ ಎಂದಿದ್ದರೆ ಶನಿವಾರ ರಾತ್ರಿಯೇ ನಿಲ್ದಾಣದಲ್ಲಿರಬೇಕು.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣಗಳಿವೆ. ನೀವು ಹೋಗಬೇಕಾದದ್ದು ದೂರಪ್ರಯಾಣದ 'ಫೆರ್ನ್‌ಬಾನ್‌ಹೋಫ್'ಗೆ. ಅಲ್ಲಿಂದ ಆಫೆನ್‌ಬುರ್ಗ್‌ಗೆ ವೇಗದ ಐಸಿಇ ರೈಲು ಹಿಡಿದು, ಮುಂದೆ ಕಿನ್ಜಿಗ್ ಕಣಿವೆಯ ಸ್ಥಳೀಯ ರೈಲಿನಲ್ಲಿ ಹೌಸಾಖ್ ದಾಟಿ ವೋಲ್ಫಾಖ್‌ನಲ್ಲಿ ಇಳಿಯಬೇಕು. ಓಬರ್‌ವೋಲ್ಫಾಖ್‌ಗೆ ರೈಲು ನಿಲ್ದಾಣ ಇಲ್ಲ. ಅಗ್ಗದ 'ಷ್ಪಾರ್‌ಪ್ರೈಸ್' ಟಿಕೆಟ್ ಒಂದೇ ರೈಲಿಗೆ ಕಟ್ಟುಬಿದ್ದಿರುತ್ತದೆ. ವಿಮಾನ ತಡವಾಗಿ ಆ ರೈಲು ತಪ್ಪಿದರೆ ಹೊಸ ಟಿಕೆಟ್ಟೇ ಗತಿ. ಹೋಗುವಾಗ ಒಂದೇ ರೈಲಿಗೆ ಕಟ್ಟುಬೀಳದ 'ಫ್ಲೆಕ್ಸ್‌ಪ್ರೈಸ್' ಟಿಕೆಟ್ ತೆಗೆದುಕೊಂಡು, ಉಳಿತಾಯವನ್ನು ಬರುವಾಗ ನೋಡಿಕೊಳ್ಳಿ. ವೋಲ್ಫಾಖ್‌ನಿಂದ ಭಾನುವಾರ ಬಸ್ಸು ಕಡಿಮೆ. ಅದೇ ಕಾರ್ಯಾಗಾರಕ್ಕೆ ಬರುವವರಿಗೆ ಮೊದಲೇ ಇಮೇಲ್ ಮಾಡಿದರೆ ಟ್ಯಾಕ್ಸಿ ಹಂಚಿಕೊಳ್ಳಬಹುದು. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ, ಹಾಗಾಗಿ ಔಷಧಿ ಇಲ್ಲಿಂದಲೇ ಒಯ್ಯಿರಿ.

ಸಸ್ಯಾಹಾರಿಗಳು ಆ ಮಾತನ್ನು ನೋಂದಣಿಯಲ್ಲೇ ತಿಳಿಸಬೇಕು. ಊಟದ ಮನೆಯಲ್ಲಿ ನಿಮ್ಮ ಜಾಗ ನೀವು ಆರಿಸುವಂತಿಲ್ಲ. ಹೆಸರು ಬರೆದ ಬಟ್ಟೆಯ ಚೀಲದೊಳಗೆ ನಿಮ್ಮ ಕರವಸ್ತ್ರ ಇರುತ್ತದೆ. ಸಿಬ್ಬಂದಿ ಆ ಚೀಲಗಳನ್ನು ಬೆರೆಸಿ ಮೇಜುಗಳ ಮೇಲೆ ಇಡುತ್ತಾರೆ, ನಿಮ್ಮದು ಎಲ್ಲಿದೆಯೋ ಅಲ್ಲಿ ಕೂರಬೇಕು. ಗೊತ್ತಿದ್ದವರ ಗುಂಪಿಗೆ ಅಂಟಿಕೊಳ್ಳುವವರನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಎಷ್ಟೋ ವರ್ಷದಿಂದ ಪ್ರಬಂಧಗಳಲ್ಲಷ್ಟೇ ಕಂಡ ಹೆಸರಿನವರು ಪಕ್ಕದಲ್ಲೇ ಕೂತಿರಬಹುದು. ನಿಮ್ಮ ಸಮಸ್ಯೆಯನ್ನು ಎರಡು ನಿಮಿಷದಲ್ಲಿ, ಬೋರ್ಡಿಲ್ಲದೆ ಬಾಯಲ್ಲೇ ಹೇಳುವುದನ್ನು ಮನೆಯಲ್ಲೇ ರೂಢಿಸಿಕೊಳ್ಳಿ. ಉಪನ್ಯಾಸಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉಪನ್ಯಾಸ ಎಲ್ಲರಿಗೂ ಸಿಗುವುದಿಲ್ಲ. ಯಾರು ಯಾವಾಗ ಮಾತನಾಡಬೇಕೆಂದು ಆಯೋಜಕರು ಎಷ್ಟೋ ಸಲ ಅಲ್ಲಿಗೆ ಬಂದ ಮೇಲೇ ನಿರ್ಧರಿಸುತ್ತಾರೆ. ಆದ್ದರಿಂದ ಸ್ಲೈಡ್ ನೆಚ್ಚಿಕೊಳ್ಳದೆ, ಸೀಮೆಸುಣ್ಣ ಹಿಡಿದು ಹೇಳುವಂತೆ ಒಂದು ಪ್ರಮೇಯ, ಒಂದು ಉದಾಹರಣೆ, ಪ್ರಮೇಯದ ಸಾಧನೆಯ (ಪ್ರೂಫ್) ತಿರುಳು ಇಷ್ಟನ್ನು ಸಿದ್ಧಮಾಡಿಕೊಳ್ಳಿ.

ಬುಧವಾರ ಮಧ್ಯಾಹ್ನ ಚಾರಣ. ವಾಡಿಕೆಯಂತೆ ಸೇಂಟ್ ರೋಮನ್ ಎಂಬ ಹಳ್ಳಿಯವರೆಗೆ ಕಾಡಿನ ಏರುದಾರಿಯಲ್ಲಿ ನಡೆದು ಬ್ಲ್ಯಾಕ್ ಫಾರೆಸ್ಟ್ ಕೇಕ್ ತಿನ್ನುತ್ತಾರೆ. ಆ ಕೇಕಿನಲ್ಲಿ ಚೆರಿ ಹಣ್ಣಿನ ಮದ್ಯ ಇರುತ್ತದೆ, ಬೇಡದವರು ಕೇಳಿ ಬೇರೆ ತರಿಸಿಕೊಳ್ಳಿ. ಚಪ್ಪಲಿ ನಡೆಯದು, ಹಿಡಿತವಿರುವ ಬೂಟು, ಮಳೆ ಜಾಕೆಟ್, ನೂರು ಯೂರೋದಷ್ಟು ಚಿಲ್ಲರೆ ನೋಟು ಬೇಕು. ಲ್ಯಾಪ್‌ಟಾಪಿನ ಮೂರು ಕಡ್ಡಿಯ ಪ್ಲಗ್ ಅಲ್ಲಿಯ ಸಾಕೆಟ್ಟಿಗೆ ಕೂರುವುದಿಲ್ಲ, ಅಡಾಪ್ಟರ್ ಮರೆಯಬೇಡಿ.

ಬಾಗಿಲ ಬಳಿ 'ಬಾಯ್ ಮೇಲ್ಮೈ'ಯ (ಗಣಿತಜ್ಞ ವೆರ್ನರ್ ಬಾಯ್ ಹೆಸರಿನ, ತನ್ನನ್ನೇ ಛೇದಿಸುವ ಮೇಲ್ಮೈ) ಲೋಹದ ಶಿಲ್ಪವಿದೆ. ಎಲ್ಲರೂ ಅದರೆದುರು ಫೋಟೊ ತೆಗೆಸಿಕೊಳ್ಳುತ್ತಾರೆ. ಸುತ್ತ ಒಂದು ಸಲ ನಡೆದು, ಮೇಲ್ಮೈ ತನ್ನನ್ನೇ ಎಲ್ಲಿ ಛೇದಿಸುತ್ತದೆ ಎಂದು ಹುಡುಕಿ ನೋಡಿ.

ಉಪನ್ಯಾಸ ಕೊಟ್ಟವರು ಸಂಸ್ಥೆಯ ವರದಿಗೆ ಒಂದರಿಂದ ಮೂರು ಪುಟದ ಸಾರಾಂಶವನ್ನು ಗಣಿತ ಬರಹದ ತಂತ್ರಾಂಶವಾದ ಲೇಟೆಕ್‌ನಲ್ಲಿ ಬರೆದುಕೊಡಬೇಕು. ಊರಿಗೆ ಬಂದರೆ ತರಗತಿ, ಪರೀಕ್ಷೆಗಳಲ್ಲಿ ಅದು ಹಿಂದೆ ಬೀಳುತ್ತದೆ. ಶುಕ್ರವಾರ ರಾತ್ರಿ ಗ್ರಂಥಾಲಯದಲ್ಲಿ ಕೂತು, ಉಲ್ಲೇಖಗಳನ್ನು ಪುಸ್ತಕ ತೆರೆದೇ ತಾಳೆನೋಡಿ ಮುಗಿಸಿಬಿಡಿ.