ಸೋತ ಟಿಕೆಟ್‌ಗಳ ಕಟ್ಟು

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ, ಎರಡನೇ ಮಾಳಿಗೆಯಲ್ಲಿರುವ ಒಂದು ಟ್ಯಾಕ್ಸ್ ಆಫೀಸಿನಲ್ಲಿ ನನ್ನ ಕೆಲಸ. ನೋಟಿಸು ಇಂಗ್ಲಿಷಿನಲ್ಲಿ ಬರುತ್ತದೆ, ಹೊರಗಿನ ಬೋರ್ಡುಗಳು ಮಲಯಾಳದಲ್ಲಿವೆ, ಕ್ಲೈಂಟುಗಳು ಬೈಯುವುದು ತುಳುವಿನಲ್ಲಿ. ಎಲ್ಲರಿಗೂ ಕನ್ನಡದಲ್ಲಿ ಸಮಾಧಾನ ಹೇಳುವುದು ನಾನು. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಅಡಿಕೆಯವರು, ಕೊಲ್ಲಿಯಿಂದ ವಾಪಸ್ ಬಂದವರು, ಸಣ್ಣ ಅಂಗಡಿಯವರು. ಕ್ಯಾಸಿನೊ ಕಾನೂನು ಓದಬೇಕಾಗಿ ಬರುತ್ತದೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

2023ರ ಜುಲೈ. ರಿಟರ್ನ್ ಹಾಕಲು ಕೊನೆಯ ವಾರ. ಮಳೆ ಜೋರು, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಪೆರ್ಲ ಕಡೆಯ ಅಡಿಕೆ ವ್ಯಾಪಾರಿ ಒಬ್ಬರು ನಮ್ಮ ಹಳೆ ಕ್ಲೈಂಟು. ಅವರ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿ, ಅಂದರೆ 26ಎಎಸ್, ತೆಗೆದು ನೋಡಿದರೆ, ಪ್ರತಿ ವರ್ಷ ಇರುವ ಬ್ಯಾಂಕಿನ ಸಾಲುಗಳ ಕೆಳಗೆ ಒಂದು ಹೊಸ ಸಾಲು. ಸೆಕ್ಷನ್ 194ಬಿ, ಅಂದರೆ ಲಾಟರಿ, ಜೂಜಿನಲ್ಲಿ ಗೆದ್ದ ಹಣ. ಮೊತ್ತ 4,00,000. ಹಿಡಿದ ತೆರಿಗೆ 1,20,000. ಹಿಡಿದವರು ಗೋವಾದ ಒಂದು ಕಂಪನಿ.

ಫೋನ್ ಮಾಡಿದೆ. ಮೊದಲು ಸ್ವಲ್ಪ ಹೊತ್ತು ಮೌನ. ಆಮೇಲೆ, 'ಮನೆಯಲ್ಲಿ ಹೇಳಬೇಡಿ ಮಾರಾಯ' ಅಂದರು. ಫೆಬ್ರವರಿಯಲ್ಲಿ ನಾಲ್ಕು ಜನ ಸೇರಿ ರೈಲು ಹತ್ತಿ ಮಡಗಾಂವ್‌ಗೆ ಹೋಗಿದ್ದರಂತೆ. ಪಣಜಿಯಲ್ಲಿ, ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಬೋಟು. ಸ್ಲಾಟ್ ಮೆಷಿನ್‌ನಲ್ಲಿ ಜಾಕ್‌ಪಾಟ್ ಹೊಡೆಯಿತು. ಕೈಗೆ 2,80,000 ಬಂತು. ಬೆಳಗಾಗುವುದರೊಳಗೆ ಅದೂ ಹೋಯಿತು, ಜೊತೆಗೆ ಕೈಯಿಂದ ಮೂರು ಲಕ್ಷದ ಮೇಲೆ ಹೋಯಿತು.

'ನನಗೆ ಲಾಭ ಎಲ್ಲಿ ಬಂತು ಹೇಳಿ? ಆ 1,20,000 ವಾಪಸ್ ತರಿಸಿ ಕೊಡಿ' ಅಂದರು.

ನ್ಯಾಯವಾಗಿಯೇ ಇದೆಯಲ್ಲ ಅನಿಸಿತು. ಅಂಗಡಿ ಲೆಕ್ಕ ಬರೆದು ಅಭ್ಯಾಸ ಆದ ತಲೆ ನನ್ನದು. ಬಂದದ್ದರಲ್ಲಿ ಹೋದದ್ದು ಕಳೆದರೆ ಉಳಿದದ್ದು ಆದಾಯ, ಅಲ್ವಾ? ಅವರು ವಾಟ್ಸ್ಯಾಪ್‌ನಲ್ಲಿ ಒಂದು ಲೆಕ್ಕ ಕಳಿಸಿದರು. ಎರಡು ರಾತ್ರಿ, ಎಷ್ಟು ಕೊಟ್ಟೆ, ಎಷ್ಟು ಹೋಯಿತು, ಎಲ್ಲ ಅಂದಾಜಿನ ಮೇಲೆ. ಅದನ್ನು ನಂಬಿ 4 ಲಕ್ಷವನ್ನು 'ಇತರ ಆದಾಯ' ಅಂತ ತೋರಿಸಿ, ಎದುರಿಗೆ 4 ಲಕ್ಷ ಖರ್ಚು ಬರೆದು ಸೊನ್ನೆ ಮಾಡಿದೆ. 1,20,000 ರಿಫಂಡ್ ಕೇಳಿ ರಿಟರ್ನ್ ಹಾಕಿದೆ. ಮೇಷ್ಟ್ರಿಗೆ ತೋರಿಸಲಿಲ್ಲ. (ನಮ್ಮ ಸೀನಿಯರ್ ಅನ್ನು ನಾವು ಮೇಷ್ಟ್ರೇ ಅನ್ನುತ್ತೇವೆ. ಹಿಂದೆ ಶಾಲೆಯಲ್ಲಿ ಕಲಿಸುತ್ತಿದ್ದರು.) ಕೊನೆಯ ವಾರದಲ್ಲಿ ಅವರಿಗೂ ಪುರುಸೊತ್ತಿಲ್ಲ, ನನಗೂ ಇಲ್ಲ.

ಎರಡು ತಿಂಗಳಲ್ಲಿ ಇಲಾಖೆಯಿಂದ ಮೇಲ್ ಬಂತು. 194ಬಿ ಅಡಿ ಹಿಡಿದ ತೆರಿಗೆ ಕೇಳಿದ್ದೀರಿ, ಆದರೆ ಅದಕ್ಕೆ ಸರಿಯಾದ ಆದಾಯ ಅದರ ಜಾಗದಲ್ಲಿ ತೋರಿಸಿಲ್ಲ, 30 ದಿನದಲ್ಲಿ ಉತ್ತರ ಕೊಡಿ ಅಂತ.

ಪ್ರಿಂಟ್ ತೆಗೆದು ಮೇಷ್ಟ್ರ ಮೇಜಿನ ಮೇಲೆ ಇಟ್ಟೆ. ಬೈಯುತ್ತಾರೆ ಅಂತ ಕಾಯುತ್ತಿದ್ದೆ. ಅವರು ಬೈಯಲಿಲ್ಲ. ಮೇಜಿನ ಕೆಳಗಿನ ಡ್ರಾಯರ್ ಎಳೆದರು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಲಾಟರಿ ಟಿಕೆಟ್‌ಗಳ ಕಟ್ಟುಗಳು. ಅವರು ದಿನಾ ಒಂದು ಟಿಕೆಟ್ ತೆಗೆದುಕೊಳ್ಳುತ್ತಾರೆ ಅಂತ ಗೊತ್ತಿತ್ತು, ಮಧ್ಯಾಹ್ನ 3 ಗಂಟೆಗೆ ಡ್ರಾ ಆಗುವ ಹೊತ್ತಿಗೆ ಮೊಬೈಲ್ ನೋಡುತ್ತಾರೆ. ಸೋತ ಟಿಕೆಟ್ ಇಟ್ಟುಕೊಂಡಿದ್ದಾರೆ ಅಂತ ಗೊತ್ತಿರಲಿಲ್ಲ. ಒಂದು ಕಟ್ಟು ತೆಗೆದು ನನ್ನ ಎದುರು ಹಾಕಿದರು.

'ನಾಳೆ ನನಗೆ ಹತ್ತು ಲಕ್ಷ ಹೊಡೆಯುತ್ತದೆ ಅಂತ ಇಟ್ಟುಕೋ. ಈ ಕಟ್ಟು ತಂದು, ಇದೆಲ್ಲ ನನ್ನ ಖರ್ಚು, ಕಳೆ ಅಂದರೆ ನೀನು ಕಳೆಯುತ್ತೀಯಾ?'

ಇಲ್ಲ ಅಂದೆ. ಯೋಚನೆಯನ್ನೇ ಮಾಡದೆ ಇಲ್ಲ ಅಂದೆ. ಕಾಸರಗೋಡಿನಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. 1967ರಿಂದ ಸರ್ಕಾರವೇ ಲಾಟರಿ ನಡೆಸುವ ರಾಜ್ಯ ನಮ್ಮದು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತ ಮೇಲೆ ಮಂಗಳೂರು ಕಡೆಯವರು ತಲಪಾಡಿ ದಾಟಿ ಬಂದು ಟಿಕೆಟ್ ತೆಗೆದುಕೊಳ್ಳುತ್ತಾರೆ. ಬಹುಮಾನದಲ್ಲಿ ಮೂವತ್ತು ಪರ್ಸೆಂಟ್ ಹಿಡಿಯುತ್ತಾರೆ, ಸೋತ ಟಿಕೆಟ್ ಸೋತದ್ದೇ, ಇದು ಇಲ್ಲಿ ಚಾ ಅಂಗಡಿಯ ಜ್ಞಾನ.

'ಮತ್ತೆ ಬೋಟಿಗೆ ಯಾಕೆ ಬೇರೆ ಲೆಕ್ಕ ಹಾಕಿದೆ?'

ಉತ್ತರ ಇರಲಿಲ್ಲ. ಲಾಟರಿ, ಇಸ್ಪೀಟು, ಕುದುರೆ, ಕ್ಯಾಸಿನೊ, ತೆರಿಗೆಯವರಿಗೆ ಎಲ್ಲ ಒಂದೇ ಚೀಲದಲ್ಲಿವೆ. ಗೆದ್ದದ್ದಕ್ಕೆ 115ಬಿಬಿ ಅಡಿ ನೇರ ಮೂವತ್ತು ಪರ್ಸೆಂಟ್. ಸ್ಲ್ಯಾಬ್ ಇಲ್ಲ. ಸೆಕ್ಷನ್ 58(4) ಒಂದೇ ಏಟಿಗೆ ಹೇಳಿಬಿಡುತ್ತದೆ: ಇದರ ಎದುರು ಯಾವ ಖರ್ಚೂ ಕಳೆಯುವಂತಿಲ್ಲ. ಸೋತ ಆಟ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಇದು 1961ರ ಕಾಯ್ದೆಯ ಮಾತು. 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ನಂಬರ್‌ಗಳೆಲ್ಲ ಬೇರೆ, ಬಾಯಿಪಾಠ ಮಾಡಿದ್ದೆಲ್ಲ ನೀರುಪಾಲು. ಆದರೆ ನೋಟಿಸು ಬಂದದ್ದು ಹಳೆಯದರ ಕೆಳಗೆ.

ಲೆಕ್ಕ ಮತ್ತೆ ಹಾಕಿದೆವು. ನಾಲ್ಕು ಲಕ್ಷಕ್ಕೆ ಮೂವತ್ತು ಪರ್ಸೆಂಟ್, ಮೇಲೆ ನಾಲ್ಕು ಪರ್ಸೆಂಟ್ ಸೆಸ್. 1,24,800. ಹಿಡಿದದ್ದು 1,20,000. ಅಂದರೆ ಗೆದ್ದು ಸೋತು ಬಂದ ಮನುಷ್ಯ ಇನ್ನೂ 4,800 ಕಟ್ಟಬೇಕು. ರಿಫಂಡ್ ಬರುತ್ತದೆ ಅಂತ ನಾನು ಅವರಿಗೆ ಆಗಲೇ ಹೇಳಿಯಾಗಿತ್ತು.

ಆದರೆ ನನ್ನ ದೊಡ್ಡ ತಪ್ಪು ಅದಲ್ಲ. ಮೇಷ್ಟ್ರು ನನ್ನ ರಿಟರ್ನ್ ಕೈಯಲ್ಲಿ ಹಿಡಿದು, ಖರ್ಚಿನ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟರು. 'ಈ ನಾಲ್ಕು ಲಕ್ಷ ಅವನು ಎಲ್ಲಿಂದ ತಂದ?'

'ಕ್ಯಾಶ್ ಕೊಟ್ಟರಂತೆ.'

'ಆ ಕ್ಯಾಶ್ ಅಂಗಡಿ ಪುಸ್ತಕದಲ್ಲಿ ಇದೆಯಾ?'

ನಾನು ನೋಡಿರಲಿಲ್ಲ. ನೋಡಬೇಕು ಅಂತ ಹೊಳೆದೂ ಇರಲಿಲ್ಲ. ಸೋಲು ತೋರಿಸುವುದು ಅಂದರೆ, ನನ್ನ ಕೈಯಲ್ಲಿ ಇಷ್ಟು ಹಣ ಇತ್ತು ಅಂತ ಬರೆದು ಸಹಿ ಹಾಕಿ ಕೊಡುವುದು. ಆ ಹಣಕ್ಕೆ ಮೂಲ ತೋರಿಸಲು ಆಗದಿದ್ದರೆ ಅದು ವಿವರಣೆ ಇಲ್ಲದ ಖರ್ಚು. ಅದಕ್ಕೆ ಆಗ ತೆರಿಗೆ 60 ಪರ್ಸೆಂಟ್ ಇತ್ತು. ಸರ್ಚಾರ್ಜ್, ಸೆಸ್ ಸೇರಿ 78 ಪರ್ಸೆಂಟ್. ಒಂದು ಲಕ್ಷ ಇಪ್ಪತ್ತು ಸಾವಿರ ವಾಪಸ್ ತರಲು ಹೋಗಿ ಮೂರು ಲಕ್ಷದ ಬಾಗಿಲು ನಾನೇ ತೆರೆದು ಇಟ್ಟಿದ್ದೆ. ಆ ಕ್ಷಣ ಹೊಟ್ಟೆಯಲ್ಲಿ ಆದದ್ದು ಇವತ್ತಿಗೂ ನೆನಪಿದೆ. ಮೇಷ್ಟ್ರು ಟಿಕೆಟ್ ಕಟ್ಟಿಗೆ ರಬ್ಬರ್ ಬ್ಯಾಂಡ್ ವಾಪಸ್ ಹಾಕುತ್ತಾ ಇದ್ದರು, ಅದು ಪಟ್ ಅಂತ ತುಂಡಾಯಿತು.

ಪುಸ್ತಕ ತರಿಸಿ ಎರಡು ದಿನ ಕೂತೆ. ಅವರ ಪುಣ್ಯ, ಫೆಬ್ರವರಿಯಲ್ಲಿ ಸ್ವಂತಕ್ಕೆ ಅಂತ ಬ್ಯಾಂಕಿನಿಂದ ತೆಗೆದದ್ದು ಬರೆದಿತ್ತು. ಡಿಸೆಂಬರ್ 31ರೊಳಗೆ ರಿವೈಸ್ಡ್ ರಿಟರ್ನ್ ಹಾಕಬಹುದಿತ್ತು. ನಾಲ್ಕು ಲಕ್ಷವನ್ನು ಅದರ ಜಾಗದಲ್ಲಿ ತೋರಿಸಿ, ಖರ್ಚು ತೆಗೆದು, ಉಳಿದ ತೆರಿಗೆ ಕಟ್ಟಿಸಿ, ನೋಟಿಸಿಗೆ ಉತ್ತರ ಕೊಟ್ಟೆವು. ಅಲ್ಲಿಗೆ ಮುಗಿಯಿತು.

ಕ್ಲೈಂಟಿಗೆ ಹೇಳುವುದು ಮಾತ್ರ ಸುಲಭ ಇರಲಿಲ್ಲ. ಆಫೀಸಿಗೆ ಬಂದು ಕುರ್ಚಿಯಲ್ಲಿ ಮುಂದೆ ಬಾಗಿ ಕೂತರು. ಮೊದಲ ಪ್ರಶ್ನೆ, 'ಕೇರಳದಲ್ಲಿ ಜುಗಾರಿಗೆ ಪರ್ಮಿಶನ್ ಇಲ್ಲ, ಮತ್ತೆ ಅದರ ತೆರಿಗೆ ಮಾತ್ರ ಹೇಗೆ?' ಇದಕ್ಕೆ ಉತ್ತರ ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಜೂಜು ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿದೆ. ಆಯಾ ರಾಜ್ಯಕ್ಕೆ ಆಯಾ ಕಾನೂನು. ಇಲ್ಲಿ 1960ರ ಕೇರಳ ಗೇಮಿಂಗ್ ಆಕ್ಟ್. ಗೋವಾದಲ್ಲಿ 1976ರ ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಮೆಷಿನ್ ಆಟಕ್ಕೆ ಬಾಗಿಲು ತೆರೆದರು. ಇಸ್ಪೀಟಿನ ಮೇಜು ಬೇಕಾದರೆ ನೀರಿನ ಮೇಲೆ ಮಾತ್ರ. ಅದಕ್ಕೇ ಮಾಂಡೋವಿಯಲ್ಲಿ ಬೋಟುಗಳು ನಿಂತಿರುವುದು, ಚಂದಕ್ಕೆ ಅಲ್ಲ. ಸಿಕ್ಕಿಂನಲ್ಲಿ 2002ರ ಕಾಯ್ದೆ ಇದೆ. ಮಹಾರಾಷ್ಟ್ರದ್ದು ಇನ್ನೂ ತಮಾಷೆ. 1976ರಲ್ಲಿ ಕ್ಯಾಸಿನೊ ಕಾಯ್ದೆ ಪಾಸ್ ಮಾಡಿ, ಒಂದು ದಿನವೂ ಜಾರಿಗೆ ತರದೆ ಇಟ್ಟು, 2023ರಲ್ಲಿ ರದ್ದು ಮಾಡಿದರು. ಆದಾಯ ತೆರಿಗೆ ಕೇಂದ್ರದ್ದು. ಹಣ ಎಲ್ಲಿ ಗೆದ್ದೆ ಅನ್ನುವುದು ಅದಕ್ಕೆ ಬೇಡ.

ಅವರಿಗೆ ಇದೆಲ್ಲ ಬೇಕಿರಲಿಲ್ಲ. 'ನಮ್ಮ ಕೋಳಿಅಂಕವೇ ವಾಸಿ' ಅಂದರು. 'ಪೊಲೀಸ್ ಬಂದರೆ ಓಡಿದರಾಯಿತು, ನೋಟಿಸು ಬರುವುದಿಲ್ಲ.'

ಎರಡನೇ ಪ್ರಶ್ನೆ ಗಟ್ಟಿ ಇತ್ತು. ಅವರ ಮಗ ಮೊಬೈಲ್‌ನಲ್ಲಿ ರಮ್ಮಿ ಆಡುತ್ತಿದ್ದ. ಅಲ್ಲಿ 2023ರ ಏಪ್ರಿಲ್‌ನಿಂದ 194ಬಿಎ ಅಂತ ಬೇರೆ ಸೆಕ್ಷನ್. ಅದರಲ್ಲಿ ಹಾಕಿದ್ದು ಕಳೆದು, ನಿವ್ವಳ ಗೆಲುವಿಗೆ ಮಾತ್ರ ತೆರಿಗೆ ಹಿಡಿಯಬೇಕು. 'ಮೊಬೈಲ್‌ನಲ್ಲಿ ಸೋತರೆ ಲೆಕ್ಕಕ್ಕೆ ಉಂಟು, ಬೋಟಿನಲ್ಲಿ ಸೋತರೆ ಇಲ್ವಾ? ಇದೆಂಥ ಕಾನೂನು?' ನಾನು ಮೇಷ್ಟ್ರ ಮುಖ ನೋಡಿದೆ, ಅವರು ಕಿಟಕಿ ನೋಡಿದರು. ನನ್ನ ಅಭಿಪ್ರಾಯ ಕೇಳಿದರೆ, ಇದು ಸರಿಯಲ್ಲ. ಆ್ಯಪ್‌ನಲ್ಲಿ ಪ್ರತಿ ಪೈಸೆ ದಾಖಲಾಗುತ್ತದೆ, ಮೇಜಿನ ಮೇಲೆ ಆಗುವುದಿಲ್ಲ ಅನ್ನುವುದು ಕಾರಣ ಇರಬಹುದು. ಆದರೂ ಸರಿಯಲ್ಲ. ಎರಡು ವರ್ಷ ಕಳೆದು 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ತಂದಿತು. ಕೌಶಲವೋ ಅದೃಷ್ಟವೋ ಅನ್ನುವ ವ್ಯತ್ಯಾಸವೇ ಇಲ್ಲ. ಶಿಕ್ಷೆ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ. ಆಡುವವನಿಗೆ ಇಲ್ಲ. ಬೋಟಿಗೆ ಈ ಕಾಯ್ದೆ ತಾಗುವುದಿಲ್ಲ. ಹಾಗಾಗಿ ಲೆಕ್ಕ ಇದ್ದ ಆಟ ನಿಂತಿತು, ಲೆಕ್ಕ ಇಲ್ಲದ ಆಟ ಉಳಿಯಿತು.

ನಮಗೆ ನೋಟಿಸು ಬಂದ 2023ರಲ್ಲೇ ಬದಿಯಡ್ಕ ಕಡೆಯ ಒಬ್ಬ ಹುಡುಗ ದೈವದ ನೇಮಕ್ಕೆ ಅಂತ ಊರಿಗೆ ಬಂದವನು ಆಫೀಸಿಗೂ ಬಂದ. ಗೋವಾದಲ್ಲಿ ಕ್ಯಾಸಿನೊದ ಕ್ಯಾಶ್ ಕೌಂಟರಿನಲ್ಲಿ ಕೆಲಸ. ಅವನ ರಿಟರ್ನ್ ಹತ್ತು ನಿಮಿಷದ್ದು, ಮಾತು ಒಂದು ಗಂಟೆ. ನಮಗೆ ಹೊರಗಿನಿಂದ ಬರೀ ದೀಪ ಕಾಣುತ್ತದೆ. ಅವನಿಗೆ ಕಾಣುವುದು ಫಾರ್ಮು. 21 ಆಗಿರಬೇಕು, ಐಡಿ ಬೇಕು. 2020ರ ಫೆಬ್ರವರಿಯಿಂದ ಗೋವಾದವರಿಗೇ ಆಡಲು ಪ್ರವೇಶ ಇಲ್ಲ, ಆದ್ದರಿಂದ ಐಡಿಯಲ್ಲಿ ವಿಳಾಸ ನೋಡಬೇಕು. ಒಬ್ಬರಿಂದ ಒಂದು ದಿನಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ಮುಟ್ಟುವಂತಿಲ್ಲ. ಮುಟ್ಟಿದರೆ ದಂಡ ಮುಟ್ಟಿದವನಿಗೆ, ಅದೂ ಅಷ್ಟೇ ಮೊತ್ತ. ಅಕ್ರಮ ಹಣ ತಡೆ ಕಾಯ್ದೆಯ ಕೆಳಗೆ 2009ರಿಂದ ಕ್ಯಾಸಿನೊಗಳೂ ಬ್ಯಾಂಕಿನ ಹಾಗೆ ವರದಿ ಕೊಡಬೇಕು. ಹತ್ತು ಲಕ್ಷ ದಾಟಿದ ಕ್ಯಾಶ್ ವ್ಯವಹಾರ ಮುಂದಿನ ತಿಂಗಳ 15ರೊಳಗೆ ದೆಹಲಿಗೆ ಹೋಗಬೇಕು. ಸಣ್ಣ ಸಣ್ಣದು ಮಾಡಿ ಕೊಟ್ಟರೂ ಒಂದಕ್ಕೊಂದು ಸಂಬಂಧ ಇದ್ದರೆ ತಿಂಗಳಿನ ಮೊತ್ತ ನೋಡುತ್ತಾರೆ. ನಮ್ಮ ಪೆರ್ಲದವರು ಸ್ನೇಹಿತರ ಹೆಸರಿನಲ್ಲಿ ಹಂಚಿ ಕೊಟ್ಟದ್ದು ದೊಡ್ಡ ಬುದ್ಧಿವಂತಿಕೆ ಅಂದುಕೊಂಡಿದ್ದರು. ಹುಡುಗ ಕೇಳಿ ನಕ್ಕ.

ಜಿಎಸ್‌ಟಿ ವಿಷಯ ಬಂದಾಗ ಅವನ ನಗು ನಿಂತಿತು. 2023ರ ಅಕ್ಟೋಬರ್ 1ರಿಂದ ಚಿಪ್ಸ್ (ಹಣದ ಬದಲು ಇಟ್ಟು ಆಡುವ ಬಿಲ್ಲೆ) ಕೊಳ್ಳುವಾಗ ಕೊಟ್ಟ ಪೂರ್ತಿ ಹಣದ ಮೇಲೆ 28 ಪರ್ಸೆಂಟ್. ಗೆದ್ದ ಚಿಪ್ಸಿನಲ್ಲಿ ಮತ್ತೆ ಆಡಿದರೆ ಮತ್ತೆ ತೆರಿಗೆ ಇಲ್ಲ. ಆದರೆ ಕೊಂಡ ಚಿಪ್ಸನ್ನು ಆಡದೆ ಹಾಗೇ ವಾಪಸ್ ಕೊಟ್ಟರೂ ತೆರಿಗೆ ಕಳೆಯುವಂತಿಲ್ಲ. ಹಳೆಯ ವರ್ಷಗಳಿಗೂ ಪೂರ್ತಿ ಮೊತ್ತದ ಮೇಲೆ ಕೊಡಿ ಅಂತ ಕ್ಯಾಸಿನೊ ಕಂಪನಿ ಡೆಲ್ಟಾ ಕಾರ್ಪ್‌ಗೆ ಆ ಸೆಪ್ಟೆಂಬರ್‌ನಲ್ಲಿ 11,139 ಕೋಟಿಯ ನೋಟಿಸು ಬಂದಿತ್ತು. ಕೌಂಟರಿನ ಹುಡುಗರೆಲ್ಲ ಕೆಲಸ ಉಳಿಯುತ್ತದಾ ಅಂತ ಪೇಪರ್ ನೋಡುತ್ತಿದ್ದರಂತೆ. ನನ್ನ 4,800ರ ನೋಟಿಸು ನೆನಪಾಗಿ ಸುಮ್ನೆ ಕೂತೆ. 2025ರ ಸೆಪ್ಟೆಂಬರ್ 22ರಿಂದ ಆ 28 ಈಗ 40 ಆಗಿದೆ. ಲಾಟರಿಗೂ ಅಷ್ಟೇ.

ಆಮೇಲೆ ನಾನು ಮಾಡಿದ್ದು ಒಂದೇ. ಕ್ಲೈಂಟುಗಳಿಗೆ ಕೊಡುವ ಕನ್ನಡದ ಪ್ರಶ್ನೆ ಹಾಳೆಯಲ್ಲಿ, ಬಾಡಿಗೆ, ಬಡ್ಡಿ, ಬಂಗಾರ ಮಾರಿದ್ದು ಇವುಗಳ ಕೆಳಗೆ ಒಂದು ಸಾಲು ಸೇರಿಸಿದೆ: 'ಲಾಟರಿ, ಕ್ಯಾಸಿನೊ, ಮೊಬೈಲ್ ಆಟ: ಗೆದ್ದದ್ದು ಎಷ್ಟು? (ಸೋತದ್ದು ಬರೆಯಬೇಡಿ)'. ಆವರಣದ ಮಾತು ಮೇಷ್ಟ್ರು ಹೇಳಿ ಬರೆಸಿದ್ದು. ಜನ ಅದನ್ನು ಓದಿ ನಗುತ್ತಾರೆ, ನಕ್ಕ ಮೇಲೆ ಕೆಲವರು ದನಿ ತಗ್ಗಿಸಿ ಮಾತು ಶುರು ಮಾಡುತ್ತಾರೆ.

ಮೇಷ್ಟ್ರ ರಿಟರ್ನ್ ಹಾಕುವುದೂ ನಾನೇ. ಆಮೇಲಿನ ವರ್ಷ ಹಾಳೆಯನ್ನು ಅವರ ಮುಂದೆಯೂ ಇಟ್ಟೆ. ಆ ಸಾಲು ಖಾಲಿ ಬಿಟ್ಟಿದ್ದರು. ವರ್ಷದ ನಡುವೆ ಒಂದು ಸಲ 500 ಹೊಡೆದು ನಮಗೆಲ್ಲ ಗೋಳಿಬಜೆ ತರಿಸಿದ್ದು ನನಗೆ ನೆನಪಿತ್ತು. ಹತ್ತು ಸಾವಿರದ ಕೆಳಗೆ ತೆರಿಗೆ ಹಿಡಿಯುವುದಿಲ್ಲ, ಆದರೆ ಆದಾಯ ಆದಾಯವೇ. 115ಬಿಬಿ ಸಾಲಿನಲ್ಲಿ 500 ಬರೆದೆ. ತೆರಿಗೆ, ಸೆಸ್ ಸೇರಿ 156.

ಸ್ಕ್ರೀನ್ ನೋಡಿದರು. ನನ್ನನ್ನು ನೋಡಿದರು. 'ಗೋಳಿಬಜೆಯ ಖರ್ಚು?' ಅಂದರು.

ಡ್ರಾಯರ್ ತೋರಿಸಿದೆ.